ಇಡ್ಲಿ ತಿಂದು ಹಿಜಾಮಾಕ್ಕೆ ಹೋದದ್ದು

ಬಸ್ಸಿನಲ್ಲಿ ಕೂತು ಕೂತು ಬೆನ್ನು ಹಿಡಿದುಕೊಂಡಿತ್ತು. ಹಿಜಾಮಾ ಮಾಡಿಸೋಣವೆಂದು ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್ ಒಂದರ ಮೇಲಿದ್ದ ಹಕೀಮರ ಕೋಣೆಗೆ ಹೋದೆ. ಚರ್ಮಕ್ಕೆ ಸಣ್ಣ ಗೀರು ಹಾಕಿ, ಬಟ್ಟಲು ಕೂರಿಸಿ ರಕ್ತ ಎಳೆಯುವ ಮುಸ್ಲಿಮರ ಹಳೇ ಚಿಕಿತ್ಸೆ ಅದು. ರಕ್ತ ಕಂಡು ತಲೆ ಸುತ್ತಬಾರದೆಂದು, ಎಲ್ಲ ತಿಳಿದವನ ಹಾಗೆ ನಾಲ್ಕು ಇಡ್ಲಿ ತಿಂದೇ ಹೋಗಿದ್ದೆ.

“ಖಾಲಿ ಹೊಟ್ಟೇಲಿ ಬರ್ಬೇಕು ಸಾರ್. ಇವತ್ತು ಆಗಲ್ಲ,” ಎಂದು ಹಕೀಮರು ಬ್ಲೇಡು ಪಕ್ಕಕ್ಕಿಟ್ಟರು. ನನಗೋ ಸಂಜೆಯೇ ರೈಲು.

ಪಕ್ಕದ ಮಂಚದಲ್ಲಿ ರಾಯಚೂರು ಕಡೆಯ ಡೆಲಿವರಿಯವನೊಬ್ಬ ಬೋರಲು ಮಲಗಿದ್ದ. ಹಕೀಮರು ಬಿಸ್ಮಿಲ್ಲಾ ಎನ್ನುತ್ತ ಅವನ ಬೆನ್ನಿನ ಬಟ್ಟಲುಗಳನ್ನು ಒಂದೊಂದಾಗಿ ಬಿಡಿಸಿ, ರಕ್ತ ಒರೆಸಿ, ಅಂಗೈಯಿಂದ ಮೆಲ್ಲಗೆ ಎಣ್ಣೆ ಸವರಿದರು.

“ನೋವು ಹೋಗುತ್ತಾ?” ಎಂದು ಅವನನ್ನು ಕೇಳಿದೆ.

ಅವನು ತಲೆ ಎತ್ತಲಿಲ್ಲ. “ಗೊತ್ತಿಲ್ರೀ. ದಿನಾ ಬ್ಯಾಗ್ ಹೊರೋ ಬೆನ್ನಿದು. ಈ ಊರಾಗ ಇದರ ಮ್ಯಾಲ ಕೈ ಇಡಾವ್ರು ಇವರೊಬ್ರ.”