ಬಿಡಿಸಿದಷ್ಟೂ ಲಾಕ್ ಆಗುವ ಖಾತೆ

ನಮ್ಮ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಡೇಟಾಬೇಸ್ ನೋಡಿಕೊಳ್ಳುವ ಹಿರಿಯಳಿಗೆ ಪುಕ್ಕಲಕ್ಕ ಎಂದು ಹೆಸರಿಟ್ಟವನು ನಾನೇ. ಪ್ರೋಗ್ರಾಮಿನಲ್ಲಿ ಒಂದು ಸಾಲು ಬದಲಿಸುವ ಮೊದಲು ಮೂರು ಪ್ರತಿ ತೆಗೆದಿಡುವಳು. ರಜೆಯ ದಿನವೂ ಊಟದ ನಡುವೆ ಎದ್ದು, ಎಲ್ಲ ಸರಿಯಾಗಿದೆಯಾ ಎಂದು ಫೋನ್ ಮಾಡುವಳು. ಇಪ್ಪತ್ತು ವರ್ಷದ ನೌಕರಿಯಲ್ಲಿ ಆಕೆ ಒಂದು ದಿನ ನೆಮ್ಮದಿಯಾಗಿ ಉಂಡಿದ್ದನ್ನು ನಾನಂತೂ ಕಾಣೆ.

ಆ ಬೆಳಿಗ್ಗೆ ಡೇಟಾಬೇಸಿನ ಪಾಸ್‌ವರ್ಡ್ ಬದಲಿಸುವ ಸರದಿ. ಬದಲಿಸಿ, ರಕ್ತನಿಧಿಯ ಜಾವಾ ಪ್ರೋಗ್ರಾಮಿಗೂ ಹೊಸದನ್ನೇ ಕೊಟ್ಟು ಮತ್ತೆ ಶುರುಮಾಡಿದಳು. ಅರ್ಧ ನಿಮಿಷ ನಡೆಯಿತು. ಆಮೇಲೆ ಪರದೆಯ ತುಂಬ ಕೆಂಪು ಸಾಲು: ಸಂಪರ್ಕ ಸಿಗುತ್ತಿಲ್ಲ, ಪ್ರೋಗ್ರಾಮಿನ ಖಾತೆ ಲಾಕ್ ಆಗಿದೆ. ಬಿಡಿಸಿದಳು. ಮತ್ತೆ ಲಾಕ್.

ಅಷ್ಟರಲ್ಲಿ ರಕ್ತನಿಧಿಯಿಂದ ಫೋನ್. ಹೆರಿಗೆಯಾದ ಒಬ್ಬಳಿಗೆ ರಕ್ತಸ್ರಾವ ನಿಲ್ಲುತ್ತಿಲ್ಲ. ತುರ್ತಿಗಿಟ್ಟ ರಕ್ತದ ಚೀಲಗಳು ಮುಗಿದಿವೆ. ಆಕೆಗೆ ಹೊಂದುವ ಚೀಲ ಯಾವುದೆಂಬ ಮಾಹಿತಿ ನಮ್ಮ ಡೇಟಾಬೇಸಿನಲ್ಲಿದೆ. ಹೊಸದಾಗಿ ಪರೀಕ್ಷೆ ಮಾಡಲು ಮುಕ್ಕಾಲು ಗಂಟೆ ಬೇಕು, ಅಷ್ಟು ಹೊತ್ತು ಆಕೆ ತಡೆಯುವುದಿಲ್ಲ ಎಂದರು.

ಅಕ್ಕ ಫೋನಿಟ್ಟು ಲಾಗಿನ್ ದಾಖಲೆಗಳನ್ನು ತೆರೆದಳು.

"ಯಾರೋ ಹಳೇ ಪಾಸ್‌ವರ್ಡ್ ಹಿಡ್ಕೊಂಡು ಬಾಗಿಲು ತಟ್ತಾನೇ ಇದಾರೆ," ಎಂದಳು. "ನಾಲ್ಕು ಸಲ ತಪ್ಪಾದ್ರೆ ಲಾಕ್ ಆಗೋಗುತ್ತೆ."

ಅದು ಯಾವುದೆಂದು ನನಗೆ ಹೊಳೆಯಿತು. ಹಿಂದಿನ ವಾರ ಅದೇ ಪ್ರೋಗ್ರಾಮಿನ ಇನ್ನೊಂದು ಪ್ರತಿಯನ್ನು ಸ್ಟೋರ್ ರೂಮಿನ ಹಳೇ ಕಂಪ್ಯೂಟರಿನಲ್ಲಿ, ಯಾರನ್ನೂ ಕೇಳದೆ, ಪ್ರಯೋಗಕ್ಕೆಂದು ಓಡಿಸಿದ್ದೆ. ನಿಲ್ಲಿಸಲು ಮರೆತಿದ್ದೆ, ಅದರಲ್ಲಿನ್ನೂ ಹಳೇ ಪಾಸ್‌ವರ್ಡೇ ಇತ್ತು. ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ? ಆಕೆ ದಾಖಲೆಗಳನ್ನು ಜಾಲಾಡುತ್ತಿದ್ದಳು, ನಾನು ಪಕ್ಕದಲ್ಲಿ ಕೂತು ಹುಡುಕುವವನಂತೆ ನಟಿಸಿದೆ. ಆರು ನಿಮಿಷ. ಅದರಲ್ಲಿ ಎರಡು ಸಲ ಫೋನ್ ಬಂತು.

ಕೊನೆಗೆ ಆಕೆಯೇ ಆ ಯಂತ್ರವನ್ನು ಪತ್ತೆಹಚ್ಚಿ, ಸ್ಟೋರ್ ರೂಮಿಗೆ ಓಡಿ, ವೈರನ್ನೇ ಕಿತ್ತಳು. ಖಾತೆ ಬಿಡಿಸಿದಳು. ಈ ಸಲ ಲಾಕ್ ಆಗಲಿಲ್ಲ. ಚೀಲದ ಸಂಖ್ಯೆ ರಕ್ತನಿಧಿಗೆ ಸಿಕ್ಕಿತು. ಸಂಜೆಯ ಹೊತ್ತಿಗೆ ಆ ತಾಯಿ ಕಣ್ಣು ಬಿಟ್ಟಳೆಂದು ನರ್ಸ್ ತಿಳಿಸಿದಳು.

ಮೇಲಧಿಕಾರಿ ವಿಚಾರಿಸಿದಾಗ, ಪಾಸ್‌ವರ್ಡ್ ಬದಲಿಸುವ ಮುನ್ನ ಅದನ್ನು ಬಳಸುವ ಎಲ್ಲ ಯಂತ್ರಗಳನ್ನೂ ನೋಡದಿದ್ದದ್ದು ತನ್ನ ತಪ್ಪು ಎಂದುಬಿಟ್ಟಳು. ನಾನು ಗೋಡೆ ನೋಡುತ್ತಾ ನಿಂತಿದ್ದೆ.

ಹೊರಗೆ ಬಂದ ಮೇಲೆ, ಯಾಕೆ ಹಾಗಂದಿರಿ ಅಕ್ಕಾ ಎಂದು ಕೇಳಿದೆ.

"ಆ ಯಂತ್ರದಲ್ಲಿ ನಿನ್ನ ಹೆಸರಿತ್ತು. ಸಾಹೇಬ್ರ ಮುಂದೆ ನೀನೇ ಹೇಳ್ತೀಯೇನೋ ಅಂತ ಕಾದೆ." ಹೊರಟವಳು ತಿರುಗಿ ಕೇಳಿದಳು: "ಆ ಬಾಣಂತಿ ಹೋಗ್ಬಿಟ್ಟಿದ್ರೂ ಸುಮ್ನೇ ಇರ್ತಿದ್ಯಾ?"

ಇರುತ್ತಿದ್ದೆನೇನೋ. ಆ ಭಯ ಇನ್ನೂ ನನ್ನನ್ನು ಬಿಟ್ಟಿಲ್ಲ.