ಆ ತಾಯಿ ಹಾಗೆ ಹೇಳಿರಲಿಲ್ಲ

ನಂಬುವುದು, ಬಿಡುವುದು ನಿಮಗೆ ಸೇರಿದ್ದು. ನಾನಂತೂ ಒಂದು ಮಾತೂ ಸೇರಿಸುತ್ತಿಲ್ಲ... ಆ ರಾತ್ರಿ ಸೇರಿಸಿದ್ದೇ ಸಾಕಾಗಿದೆ.

ಎಂಬತ್ತರ ದಶಕದ ಕೊನೆ. ನಾನು ಶಲವಡಿಯಲ್ಲಿ ಹಿಂದಿ ಮಾಸ್ತರ. ನಮ್ಮ ಓಣಿಗೆಲ್ಲ ಇದ್ದ ಒಂದೇ ಟಿವಿ ಗೌಡರ ಪಡಸಾಲೆಯಲ್ಲಿತ್ತು. ವಾರಕ್ಕೊಮ್ಮೆ ರಾತ್ರಿ ಹಿಂದಿಯಲ್ಲಿ ದೆವ್ವದ ಧಾರಾವಾಹಿ. ಅವರು ಆಡಿದ್ದನ್ನೆಲ್ಲ ಜನರಿಗೆ ಕನ್ನಡದಲ್ಲಿ ಹೇಳುವುದು ನನ್ನ ಕೆಲಸ. ಪುಕ್ಕಟೆ ಚಹಾ, ಮೇಲೆ ಮರ್ಯಾದೆ!

ಆದರೆ ಅಂದು ನಾನು ಹೋದದ್ದು ಧಾರಾವಾಹಿಗಲ್ಲ. ಮನೆಯಲ್ಲಿ ಹೆಂಡತಿಯ ತೊಡೆಯ ಮೇಲೆ ಮೂರು ವರ್ಷದ ಮಗಳು ಸುಮಾ ಜ್ವರದಲ್ಲಿ ಕಣ್ಣು ಮೇಲೆ ಮಾಡಿದ್ದಳು. ಕೊನೆಯ ಬಸ್ಸು ಹೋಗಿತ್ತು. ಅಣ್ಣಿಗೇರಿಗೆ ಹೋದ ಗೌಡರ ಟ್ರ್ಯಾಕ್ಟರ್ ಬಂದರಷ್ಟೇ ಆಸ್ಪತ್ರೆ.

"ಬರ್ತದ, ಕೂಡ್ರಿ ಮಾಸ್ತರ," ಎಂದರು ಗೌಡರು.

ಕೂತೆ. ಪಕ್ಕದಲ್ಲಿ ನಮ್ಮ ಬಾಜು ಮನೆಯ ನೀಲವ್ವ, ಅವಳ ತೊಡೆಯ ಮೇಲೆ ನಿದ್ದೆಹೋದ ಕೂಸು. ಟಿವಿಯಲ್ಲಿ ಹೆಣ್ಣು ದೆವ್ವವೊಂದು ಜ್ವರದ ಮಗುವಿನ ತಲೆದೆಸೆಗೆ ನಿಂತು ಏನೋ ಕೇಳಿತು.

"ಏನಂತಾಳ್ರಿ ಆಕಿ?" ನೀಲವ್ವ ಪಿಸುಗುಟ್ಟಿದಳು.

"ಇದನ್ನ ಬಿಡ್ತೀನಿ, ಬದಲಿ ಯಾರನ್ನ ಕೊಡ್ತಿ ಅಂತಾಳ."

ಆ ಮಗುವಿನ ತಾಯಿ ಅಳುತ್ತ, ನನ್ನನ್ನೇ ತಗೋ ಎಂದಳು. ಅದನ್ನು ಬಾಯಿಬಿಟ್ಟು ಹೇಳಲು ನನಗೆ ಭಯವಾಯಿತು. ಮನೆಯಲ್ಲಿ ಮಗಳು ಹಾಗಿರುವಾಗ ಆ ಮಾತು ನನಗೇ ತಗಲಿಬಿಟ್ಟರೆ...

"ಬಾಜು ಮನಿ ಕೂಸನ್ನ ತಗೋ ಅಂದ್ಲು," ಎಂದೆ.

"ಅಯ್ಯ ಶಿವನ, ಎಂಥಾ ತಾಯಿರೀ ಆಕಿ! ಆಕಿಗಿಂತ ದೆವ್ವನ ಛಲೋರಿ!"

ಅಷ್ಟರಲ್ಲಿ ಕರೆಂಟು ಹೋಯಿತು. ಸುಟ್ಟ ವೈರಿನ ವಾಸನೆ... ಕತ್ತಲಲ್ಲಿ, ಟಿವಿ ಇದ್ದ ಕಡೆಯಿಂದ ಒಂದು ಹೆಣ್ಣು ದನಿ. ಹಿಂದಿಯಲ್ಲ, ನಮ್ಮೂರ ಕನ್ನಡ.

"ಆತ್ರಿ, ಮಾಸ್ತರ."

ಬೇರೆ ಯಾರಿಗೂ ಕೇಳಿಸಿದಂತಿರಲಿಲ್ಲ. ಮನೆಗೆ ಓಡಿದೆ. ಸುಮಾಳಿಗೆ ಜ್ವರ ಬಿಟ್ಟಿತ್ತು. "ಅಪ್ಪಾ, ನೀರು," ಎಂದಳು. ಅವಳನ್ನು ಎತ್ತಿಕೊಂಡು ಅತ್ತುಬಿಟ್ಟೆ.

ಬೆಳಗಿನ ಜಾವ ನೀಲವ್ವ ಚೀರಿದ್ದು ಕೇಳಿತು. ಒಂದು ಸೀನೂ ಇರದ ಕೂಸು ಮಲಗಿದಲ್ಲೇ ಹೋಗಿತ್ತು.

ತಿಂಗಳ ಮೇಲೆ ಆಕೆಯೇ ನಮ್ಮ ಮನೆಗೆ ಬಂದು ಸುಮಾಳಿಗೆ ಹಾಲನ್ನ ಉಣಿಸಿದಳು. ತಲೆ ಸವರಿ, "ನನ್ನ ಕೂಸಿನ ಆಯುಷ್ಯನೂ ನಿನಗ ಹತ್ತಲಿ, ಯವ್ವಾ," ಎಂದಳು. ನಾನು ಹಿತ್ತಲಿಗೆ ಹೋಗಿ ನಿಂತೆ.

ದೆವ್ವ ಕೆಟ್ಟದ್ದು ಎನ್ನುತ್ತಾರೆ. ಅದು ಕೇಳಿತು, ಅಷ್ಟೇ. ಕೊಟ್ಟವನು ನಾನು.

ಸುಮಾಳಿಗೆ ಈಗ ಮಗನಿದ್ದಾನೆ. ಮೊನ್ನೆ ರಾತ್ರಿ ಅವನಿಗೆ ಜ್ವರ ಏರಿತು, ಅದೇ ಹೊತ್ತಿಗೆ ಕರೆಂಟೂ ಹೋಯಿತು. ಬಾಯಿಗೆ ಟವೆಲ್ಲು ಒತ್ತಿಕೊಂಡು ಬೆಳಗಿನತನಕ ಕೂತೆ. ನನ್ನನ್ನೇ ತಗೋ ಎನ್ನುವ ಧೈರ್ಯ ಆಗಲೂ ಬರಲಿಲ್ಲ...