ಆರ್ಲಿ, ಆಮೇಲೆ ಅಳೆ

ನಿನ್ನೆ ಒಲೆಯ ಪಕ್ಕ ಇಟ್ಟ ಡಬ್ಬಿಯೊಂದು ಕರಗಿತು. ಆ ಸುಟ್ಟ ಪ್ಲಾಸ್ಟಿಕ್ ವಾಸನೆ ಮೂಗಿಗೆ ಬಡಿದದ್ದೇ ತಡ, ಮಾವ ನೆನಪಾದರು. ಅಮ್ಮನ ತಮ್ಮ. ದಿಂಡುಗಲ್ ರಸ್ತೆಯ ಸಣ್ಣ ಕಾರ್ಖಾನೆಯೊಂದರಲ್ಲಿ, ತೋಟಕ್ಕೆ ಔಷಧಿ ಹೊಡೆಯುವ ಟ್ಯಾಂಕುಗಳ ಮುಚ್ಚಳ ಅಚ್ಚು ಹಾಕುವ ಕಡೆ, ತಪಾಸಣೆ ಅವರ ಕೈಯಲ್ಲಿತ್ತು. ನನ್ನನ್ನೂ ಅಲ್ಲಿ ಅಳತೆ ನೋಡುವ ಕೆಲಸಕ್ಕೆ ಸೇರಿಸಿದವರು ಅವರೇ.

ಮುಚ್ಚಳ ಟ್ಯಾಂಕಿನ ಬಾಯೊಳಗೆ ಬಿರಡೆಯ ಹಾಗೆ ಕೂರಬೇಕು. ಹೇಳಿದ ಅಳತೆಗಿಂತ ಮಿಲಿಮೀಟರಿನ ಹತ್ತರಲ್ಲೊಂದು ಪಾಲು ಆಚೀಚೆ ಆದರೆ ಸರಿ, ಅದಕ್ಕೂ ಮೀರಿದರೆ ತಿಪ್ಪೆಗೆ. ಮನೆಯಲ್ಲಿ ಅತ್ತೆ ಮುದ್ದೆ ಕಟ್ಟಿದರೂ ಒಂದು ದೊಡ್ಡದು, ಒಂದು ಚಿಕ್ಕದು ಅಂತ ಗೊಣಗುವ ಮನುಷ್ಯ ಅವರು.

ನನ್ನನ್ನು ಅವರು ಮುದ್ದಿಗೆ 'ಕಣ್ಣು' ಅಂತ ಕರೆಯುತ್ತಿದ್ದರು. ಮೊದಲ ದಿನ ಯಂತ್ರದ ಗದ್ದಲದಲ್ಲಿ ನಮ್ಮ ಮನೆಮಾತು ಕನ್ನಡದಲ್ಲೇ ಕೂಗಿದರು: "ಆರ್ಲಿ ಕಣ್ಣು, ಆಮೇಲೆ ಅಳೆ." ಅಚ್ಚಿನಿಂದ ಬಿದ್ದದ್ದು ತಣ್ಣಗಾಗಲಿ, ಕುಗ್ಗಿದ ಮೇಲೇ ಅದರ ನಿಜವಾದ ಅಳತೆ ಅಂತ. ಶಾಲೆಯಲ್ಲಿ, ಬೀದಿಯಲ್ಲಿ ತಮಿಳೇ ಆಡಿ ಬೆಳೆದ ನನಗೆ ಕನ್ನಡ ಅರೆಬರೆ. 'ಆರಾಗ್ಲಿ' ಅಂತ ಕೇಳಿಸಿತು. ಆರು ಬೀಳಲಿ, ಆಮೇಲೆ ಒಂದನ್ನು ಅಳೆ... ಹಾಗೇ ಮಾಡಿದೆ. ದಿನವಿಡೀ ಬಿಸಿಬಿಸಿ ಮುಚ್ಚಳಗಳನ್ನೇ ಅಳೆದು ಎಲ್ಲ ಸರಿಯಿದೆ ಅಂದೆ. ಇನ್ನೊಂದು ಸಲ ಕೇಳೋಕೆ ಏನು ಧಾಡಿ ಬಂದಿತ್ತು ನನಗೆ! ಅಕ್ಕನ ಮಗಳು ಅಂತ ನಂಬಿ ಮಾವ ಸಹಿ ಹಾಕಿದರು.

ಮುಚ್ಚಳಗಳು ತಣಿದು ಕುಗ್ಗಿದವು. ಕಾಮಯಗೌಂಡನ್‌ಪಟ್ಟಿಯ ದ್ರಾಕ್ಷಿ ತೋಟದಲ್ಲಿ ಬೆನ್ನಿಗೆ ಟ್ಯಾಂಕ್ ಕಟ್ಟಿಕೊಂಡಿದ್ದವನೊಬ್ಬನ ಅಂಗಿಯೆಲ್ಲ ಸೋರಿದ ಔಷಧಿಯಲ್ಲಿ ನೆನೆಯಿತು. ಬೆವರು ಅಂದುಕೊಂಡು ಸಂಜೆಯವರೆಗೂ ಹೊಡೆದನಂತೆ, ಪಾಪ. ಆಸ್ಪತ್ರೆಗೆ ಹೋದವನು ಮನೆಗೆ ಬರಲಿಲ್ಲ.

ವಿಚಾರಣೆಗೆ ಬಂದವರ ಮುಂದೆ ಮಾವ, "ನಾನೇ ಬಿಸೀಲಿ ಅಳೆದೆ" ಅಂದರು. ನಾನು ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಅವರ ಕೆಲಸ ಹೋಯಿತು. ಊರವರ ಬಾಯಲ್ಲಿ ಅವರು 'ಆಳು ಕೊಂದವ' ಆದರು. ಮದುವೆಮನೆಗಳಲ್ಲಿ ಪಂಕ್ತಿಯ ಕೊನೆಗೆ ಒಬ್ಬರೇ ಕೂರುತ್ತಿದ್ದರು... ಆಮೇಲೆ ಹೋಗುವುದನ್ನೇ ಬಿಟ್ಟರು. ಒಮ್ಮೆ ಅವರ ಮುಂದೆ ಅತ್ತುಬಿಟ್ಟೆ. "ಬಿಡು ಕಣ್ಣು, ನಿಂಗಿನ್ನೂ ಮದುವೆ ಆಗ್ಬೇಕು" ಅಂದರು, ಅಷ್ಟೇ. ನಾನೂ ಬಿಟ್ಟೆ, ನಾಚಿಕೆಗೆಟ್ಟವಳು. ಮದುವೆಯಾಯಿತು, ಮಕ್ಕಳಾದವು. ಹೋದ ವರ್ಷ ಮಾವ ಆ ಹೆಸರು ಹೊತ್ತುಕೊಂಡೇ ತೀರಿಕೊಂಡರು.

ಇವತ್ತು ಬೆಳಿಗ್ಗೆ ಅತ್ತೆ ಇರುವ ಊರು ತೇವಾರಕ್ಕೆ ಹೋಗಿ ಅವರಿಗೆ ಎಲ್ಲ ಹೇಳಿದೆ. ಅತ್ತೆ ಅಳಲಿಲ್ಲ, ಬೈಯಲೂ ಇಲ್ಲ.

"ಅವರ ಹೆಣ ಅಂಗಳದಲ್ಲಿದ್ದಾಗ ಹೇಳಿದ್ರೆ ನಾಲ್ಕು ಜನ ಕೇಳ್ತಿದ್ರು" ಅಂದರು.